ಹಳೆಯ ಕಾರಿಗೆ ಹೊರಗಿನ ಮೀಟರು: ದೆಹಲಿ ಪ್ರದೇಶದ ರೂಢಿ

ಕಾರ್ಖಾನೆಯಿಂದ ಹೊರಬಂದ ದಿನ ಕಾರಿನಲ್ಲಿ ಇಲ್ಲದೆ, ಆಮೇಲೆ ಮಾಲೀಕ ಬೇರೆ ತಯಾರಕರಿಂದ ಕೊಂಡು ಕೂಡಿಸಿಕೊಳ್ಳುವ ಮಾಪಕವೇ ಹೊರಗಿನ ಮೀಟರು. ಎಂಜಿನ್ ಆಯಿಲಿನ ಒತ್ತಡ, ರೇಡಿಯೇಟರ್ ನೀರಿನ ಬಿಸಿ, ಬ್ಯಾಟರಿಗೆ ಹೋಗಿಬರುವ ಕರೆಂಟು, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು, ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ, ಇವುಗಳಲ್ಲಿ ಯಾವುದಾದರೂ ಒಂದನ್ನು ಅದು ತೋರಿಸುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇವು ಆಯಿಲ್ ಮೀಟರು, ಹೀಟ್ ಮೀಟರು, ಆಂಪಿಯರ್ ಮೀಟರು. ಮುಖ ಸಾಮಾನ್ಯವಾಗಿ ಎರಡು ಇಂಚಿನ ಆಸುಪಾಸು. ಇಂದು ಹೆಚ್ಚು ಸಿಗುವ ಅಳತೆ 52 ಮಿಲಿಮೀಟರ್. ದೆಹಲಿ, ಗುರುಗ್ರಾಮ, ನೋಯ್ಡಾ, ಫರೀದಾಬಾದ್, ಗಾಜಿಯಾಬಾದ್ ಸೇರಿದ ರಾಜಧಾನಿ ಪ್ರದೇಶದಲ್ಲಿ ಹಳೆಯ ಕಾರು ಸಾಕುವವರು ಮೊದಲು ಹಾಕಿಸಿಕೊಳ್ಳುವುದು ಹೀಟ್ ಮೀಟರನ್ನು. ಕಾರಣ ಅಲ್ಲಿನ ಬಿಸಿಲಿನಲ್ಲೂ ರಸ್ತೆಯಲ್ಲೂ ಇದೆ.

ಹಳೆಯ ಕಾರೆಂದರೆ ಎಷ್ಟು ಹಳೆಯದು ಎಂಬುದಕ್ಕೆ ಎರಡು ಲೆಕ್ಕಗಳಿವೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 1919ರಿಂದ 1930ರವರೆಗಿನವನ್ನು ಮಾತ್ರ ವಿಂಟೇಜ್ ಎನ್ನುತ್ತದೆ. ಭಾರತದ ಕಾನೂನು ಮೊದಲ ನೋಂದಣಿಯಾಗಿ 50 ವರ್ಷ ಕಳೆದವನ್ನೆಲ್ಲ ಆ ಹೆಸರಿನಡಿ ತರುತ್ತದೆ. ಈ ಲೇಖನ ಎರಡನೆಯ ಲೆಕ್ಕವನ್ನು ಹಿಡಿದಿದೆ. ದೆಹಲಿಯ ರಸ್ತೆಯಲ್ಲಿ ನಿಜಕ್ಕೂ ಓಡುವ ಹಳೆಯ ಕಾರುಗಳೆಂದರೆ ಲ್ಯಾಂಡ್‌ಮಾಸ್ಟರ್, ಅಂಬಾಸಿಡರ್, ಫಿಯಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲಿಸ್ ಜೀಪು. ರೋಲ್ಸ್‌ರಾಯ್ಸ್‌ಗಳು ಹೊರಗೆ ಬರುವುದು ರ‍್ಯಾಲಿಯ ದಿನ.

ಮೀಟರಿಲ್ಲದ ಕಾಲ

ಮೊದಲ ತಲೆಮಾರಿನ ಕಾರುಗಳಲ್ಲಿ ಮೀಟರುಗಳೇ ಅಪರೂಪ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲು ಎಷ್ಟಿದೆಯೆಂದು ತಿಳಿಯಲು ಸೀಟು ಎತ್ತಿ ಟ್ಯಾಂಕಿಗೆ ಕೋಲು ಇಳಿಸಿ ನೋಡಬೇಕಿತ್ತು. ಆಯಿಲ್ ನೋಡಲು ಕಾರಿನ ಕೆಳಗೆ ತೂರಿ ಎಂಜಿನ್ ತಳದಲ್ಲಿದ್ದ ಎರಡು ಚಿಕ್ಕ ನಲ್ಲಿಗಳನ್ನು ತಿರುಗಿಸಬೇಕು: ಮೇಲಿನದರಿಂದ ಆಯಿಲ್ ಬಂದರೆ ಸಾಕಷ್ಟಿದೆ, ಕೆಳಗಿನದರಿಂದಲೂ ಬರದಿದ್ದರೆ ಗಾಡಿ ಹೊರಡಿಸಬಾರದು. 1919ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದಾಗ ಅದರ ಜೊತೆಗೆ ಆಂಪಿಯರ್ ಮೀಟರು ಬಂತು. ಬಹಳ ಕಾಲ ಅದೊಂದೇ ಮೀಟರು.

ಈ ಕೊರತೆಯನ್ನು ತುಂಬಲು ಹುಟ್ಟಿದ್ದು ಹೊರಗಿನ ಮೀಟರಿನ ವ್ಯಾಪಾರ. ಅದರಲ್ಲಿ ಪ್ರಸಿದ್ಧವಾದದ್ದು 1912ರ ಪೇಟೆಂಟಿನ ಬಾಯ್ಸ್ ಮೋಟೊಮೀಟರ್. ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲುವ ಒಂದು ದುಂಡು ಥರ್ಮಾಮೀಟರು ಅದು. ಒಳಗಿನ ಕೆಂಪು ದ್ರವ ಏರಿದ್ದನ್ನು ಚಾಲಕ ಸೀಟಿನಲ್ಲಿ ಕೂತೇ ಗಾಜಿನಾಚೆ ನೋಡಬಹುದಿತ್ತು. ಇಂದು ಪ್ರದರ್ಶನಗಳಲ್ಲಿ ಮೋಟೊಮೀಟರ್ ಇರುವ ಕಾರನ್ನು ಕಂಡರೆ ಜನ ‘ಎಷ್ಟು ಅಸಲಿಯಾಗಿದೆ’ ಎಂದು ಮೆಚ್ಚುತ್ತಾರೆ. ಬಹಳಷ್ಟು ಕಾರುಗಳಲ್ಲಿ ಅದೂ ಹೊರಗಿನಿಂದ ಕೊಂಡು ಕೂಡಿಸಿದ್ದೇ. ಹೊರಗಿನ ಮೀಟರು ಎಂದೊಡನೆ ಮೂಗು ಮುರಿಯುವ ಶುದ್ಧಾಚಾರಿಗಳು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

1930ರ ದಶಕದ ಹೊತ್ತಿಗೆ ದುಬಾರಿ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಮೀಟರುಗಳ ಸಾಲೇ ಇತ್ತು. ಇಂಗ್ಲೆಂಡಿನಲ್ಲಿ ಸ್ಮಿತ್ಸ್ ಮತ್ತು ಜೇಗರ್, ಅಮೆರಿಕದಲ್ಲಿ ಸ್ಟುವರ್ಟ್ ವಾರ್ನರ್ ಮತ್ತು ಎ.ಸಿ., ಇಟಲಿಯಲ್ಲಿ ವೇಲಿಯಾ ಹೆಸರಾದ ತಯಾರಕರು. ಯುದ್ಧಾನಂತರ ಕಾರು ಅಗ್ಗವಾದಂತೆ ಮೀಟರುಗಳು ಒಂದೊಂದಾಗಿ ಮಾಯವಾಗಿ ಅವುಗಳ ಜಾಗಕ್ಕೆ ಕೆಂಪು, ಹಸಿರು ದೀಪಗಳು ಬಂದವು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ 1961ರವರೆಗೆ ಪೆಟ್ರೋಲ್ ಮೀಟರೂ ಇರಲಿಲ್ಲ. ಗಾಡಿ ಮುಗ್ಗರಿಸಿದಾಗ ಕಾಲಿನಿಂದ ರಿಸರ್ವ್ ನಲ್ಲಿ ತಿರುಗಿಸಿಕೊಂಡು ಬಂಕಿನ ದಾರಿ ಹಿಡಿಯುವುದೇ ಕ್ರಮ.

ದೀಪದ ತೊಂದರೆಯೆಂದರೆ ಅದು ಅನಾಹುತ ಆಗುವ ಹೊತ್ತಿಗೆ ಹತ್ತುತ್ತದೆ. ಆಯಿಲ್ ಒತ್ತಡದ ದೀಪ ಹೊತ್ತಿಸುವ ಸ್ವಿಚ್ಚು ಸಾಮಾನ್ಯವಾಗಿ ಒತ್ತಡ ಚದರ ಇಂಚಿಗೆ ಐದಾರು ಪೌಂಡಿಗೆ ಇಳಿದಾಗ ಕೆಲಸ ಮಾಡುತ್ತದೆ. ಐವತ್ತು ಪೌಂಡು ತೋರಬೇಕಾದ ಎಂಜಿನ್ ಇಪ್ಪತ್ತಕ್ಕೆ ಇಳಿದು ಬೇರಿಂಗು ಸವೆಯುತ್ತಿರುವಾಗ ದೀಪ ಸುಮ್ಮನಿರುತ್ತದೆ. ಮೀಟರಾದರೋ ಇಳಿತವನ್ನು ತಿಂಗಳುಗಟ್ಟಲೆ ಮೊದಲೇ ತೋರಿಸುತ್ತದೆ.

ದೆಹಲಿಯ ಬಿಸಿಲು

ಇಂಗ್ಲೆಂಡಿನ ಹವೆಗೆಂದು ರೂಪಿಸಿದ ಮಾರಿಸ್ ಆಕ್ಸ್‌ಫರ್ಡ್ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಆಗಿ, ಟ್ಯೂರಿನ್ನಿನ ಹವೆಗೆಂದು ರೂಪಿಸಿದ ಫಿಯಟ್ 1100 ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಾರಾಗಿ ತಯಾರಾದವು. ದೆಹಲಿಯಲ್ಲಿ ಮೇ, ಜೂನ್ ತಿಂಗಳ ಮಧ್ಯಾಹ್ನ ಉಷ್ಣಾಂಶ 45 ಡಿಗ್ರಿ ಮುಟ್ಟುವುದು ವಿಶೇಷವಲ್ಲ. ಬೇಸಿಗೆಯ ಬಿಸಿಗಾಳಿ ‘ಲೂ’ ಬೀಸುವಾಗ ರೇಡಿಯೇಟರಿಗೆ ತಣಿಸಿಕೊಳ್ಳಲು ತಂಪಾದ ಗಾಳಿಯೇ ಸಿಗುವುದಿಲ್ಲ. ಸಾಲದ್ದಕ್ಕೆ ರಿಂಗ್ ರೋಡಿನಲ್ಲೋ ದೆಹಲಿ–ಗುರುಗ್ರಾಮ ಹೆದ್ದಾರಿಯಲ್ಲೋ ಗಾಡಿಗಳು ನಿಂತಲ್ಲೇ ನಿಂತಾಗ ಹಳೆಯ ಕಾರಿನ ಫ್ಯಾನು ಎಂಜಿನ್ ವೇಗದಲ್ಲಷ್ಟೇ ತಿರುಗುತ್ತದೆ. ಐಡ್ಲಿಂಗ್‌ನಲ್ಲಿ ಅದರ ಗಾಳಿ ಹೆಸರಿಗೆ ಮಾತ್ರ.

ನೀರು ಎಷ್ಟಕ್ಕೆ ಕುದಿಯುತ್ತದೆ ಎಂಬುದೂ ಊರಿನ ಎತ್ತರವನ್ನು ಅವಲಂಬಿಸಿದೆ. ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದ ದೆಹಲಿಯಲ್ಲಿ ಮುಚ್ಚಿರದ ಪಾತ್ರೆಯ ನೀರು 99 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97ಕ್ಕೇ ಕುದಿ ಬರುತ್ತದೆ. ಲೆಕ್ಕದ ಪ್ರಕಾರ ಬೆಂಗಳೂರಿನ ಕಾರೇ ಮೊದಲು ಕುದಿಯಬೇಕು. ಆದರೆ ನಮ್ಮ ಊರಿನ ಹವೆ ಅದನ್ನು ಕಾಪಾಡುತ್ತದೆ. ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ ಇಲ್ಲದ 1930ರ ದಶಕದ ಕಾರಿಗೆ ದೆಹಲಿಯ 99 ಡಿಗ್ರಿಯೇ ಗಡಿ. ಚದರ ಇಂಚಿಗೆ ಏಳು ಪೌಂಡು ಹಿಡಿಯುವ ಮುಚ್ಚಳವಿದ್ದರೆ ಗಡಿ ಸುಮಾರು 111ಕ್ಕೆ ಏರುತ್ತದೆ. ಹೀಗಾಗಿ ಹೀಟ್ ಮೀಟರಿನ ಮುಳ್ಳು 100 ತೋರಿದರೆ ಒಂದು ಕಾರಿಗೆ ಅದು ಅಪಾಯ, ಇನ್ನೊಂದಕ್ಕೆ ಎಚ್ಚರಿಕೆ ಮಾತ್ರ. ತನ್ನ ಕಾರಿನ ಮುಚ್ಚಳ ಯಾವುದೆಂದು ತಿಳಿಯದವನಿಗೆ ಮೀಟರು ಕೊಡುವುದು ಬರಿಯ ಗಾಬರಿ.

ಚಳಿಗಾಲದ ಸಮಸ್ಯೆ ಬೇರೆ. ಜನವರಿಯಲ್ಲಿ ಬೆಳಗಿನ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿದು ಮಂಜು ಕವಿದಾಗ ದೀಪ, ವೈಪರು ಎರಡೂ ಬೇಕು. ಹಳೆಯ ಡೈನಮೋ ಅಷ್ಟು ಕರೆಂಟು ಕೊಡಲಾರದು. ಆಗ ಬೇಕಾಗುವುದು ವೋಲ್ಟ್ ಮೀಟರು.

ಆಯಿಲ್ ಮೀಟರು

ಹಳೆಯ ಬಗೆಯ ಆಯಿಲ್ ಮೀಟರಿಗೆ ವಿದ್ಯುತ್ತು ಬೇಡ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟು ಪಡೆದ ಬಾಗು ಕೊಳವೆಯೇ ಇದರ ಜೀವಾಳ. ಚಪ್ಪಟೆಯಾದ ಹಿತ್ತಾಳೆ ಕೊಳವೆಯನ್ನು ಅರ್ಧಚಂದ್ರದಂತೆ ಬಗ್ಗಿಸಿ ಒಂದು ತುದಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಏರಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಮುಚ್ಚಿದ ತುದಿಗೆ ಕಟ್ಟಿದ ಹಲ್ಲುಚಕ್ರ ಮುಳ್ಳನ್ನು ತಿರುಗಿಸುತ್ತದೆ. ಎಂಜಿನ್ನಿನ ಆಯಿಲ್ ನೇರವಾಗಿ ಡ್ಯಾಶ್‌ಬೋರ್ಡಿನ ತನಕ ಬರುತ್ತದೆ ಎಂಬುದೇ ಇದರ ಗುಣ, ಅದೇ ಇದರ ದೋಷ. ಗುಣ ಏಕೆಂದರೆ ನಡುವೆ ಸುಳ್ಳು ಹೇಳುವ ತಂತಿಯಿಲ್ಲ. ದೋಷ ಏಕೆಂದರೆ ಕೊಳವೆ ಒಡೆದರೆ ಬಿಸಿ ಆಯಿಲ್ ಚಾಲಕನ ಮಂಡಿಯ ಮೇಲೆ, ಇಲ್ಲವೇ ಸೈಲೆನ್ಸರ್ ಪೈಪಿನ ಮೇಲೆ ಚಿಮ್ಮುತ್ತದೆ.

ಅಗ್ಗದ ಮೀಟರುಗಳ ಜೊತೆ ನೈಲಾನ್ ಕೊಳವೆ ಕೊಡುತ್ತಾರೆ. ಎಂಜಿನ್ನಿನ ಬಿಸಿಯಲ್ಲಿ, ಅದೂ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ, ಅದು ಮೆತ್ತಗಾಗಿ ಜಾರಿಕೊಳ್ಳುತ್ತದೆ. ದೆಹಲಿಯಂಥ ಕಡೆ ಅದನ್ನು ಬಳಸಲೇಬಾರದು. ತಾಮ್ರದ ಕೊಳವೆಯಾದರೆ ಕಾಯಿಸಿ ಮೆದು ಮಾಡಿ, ಎಂಜಿನ್ನಿನ ಬಳಿ ಒಂದೆರಡು ಸುತ್ತು ಸುರುಳಿ ಮಾಡಿ ಬಿಡಬೇಕು. ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ. ನಡುವೆ ಸುರುಳಿಯಿಲ್ಲದ ತಾಮ್ರ ಗಟ್ಟಿಯಾಗಿ ಕೊನೆಗೆ ಸೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಎಂಜಿನ್ನಿನ ತುದಿಗೆ ಹೆಣೆದ ಉಕ್ಕಿನ ಹೊದಿಕೆಯ ಒಂದು ಗಿಡ್ಡ ಹೋಸು ಹಾಕಿ, ಅಲ್ಲಿಂದ ಮುಂದೆ ತಾಮ್ರ ಕೊಂಡೊಯ್ಯುವುದು.

ಕಾರಿನಲ್ಲಿ ಮೊದಲೇ ದೀಪದ ಸ್ವಿಚ್ಚು ಇದ್ದರೆ ಅದನ್ನು ಕಿತ್ತು ಆ ಜಾಗದಲ್ಲಿ ಟೀ ಆಕಾರದ ಹಿತ್ತಾಳೆ ತುಂಡು ತಿರುಗಿಸಿ, ಒಂದು ಕವಲಿಗೆ ಹಳೆಯ ಸ್ವಿಚ್ಚು, ಇನ್ನೊಂದಕ್ಕೆ ಮೀಟರು ಕೂಡಿಸುತ್ತಾರೆ. ದೀಪವೂ ಉಳಿಯುತ್ತದೆ. ಇಲ್ಲಿ ತಪ್ಪು ಆಗುವುದು ಮರೆಯಲ್ಲಿ, ಅಂದರೆ ತಿರುಪಿನ ಸುತ್ತುಗಳಲ್ಲಿ. ಇಂಗ್ಲಿಷ್ ಪೈಪ್ ಮರೆ ಮತ್ತು ಅಮೆರಿಕನ್ ಪೈಪ್ ಮರೆ ಎರಡಕ್ಕೂ ‘ಎಂಟನೇ ಒಂದು ಇಂಚು’ ಎಂದೇ ಹೆಸರು. ಆದರೆ ಮೊದಲನೆಯದರಲ್ಲಿ ಇಂಚಿಗೆ 28 ಸುತ್ತು, 55 ಡಿಗ್ರಿ ಕೋನ. ಎರಡನೆಯದರಲ್ಲಿ 27 ಸುತ್ತು, 60 ಡಿಗ್ರಿ. ಒಂದರೊಳಗೆ ಇನ್ನೊಂದು ಮೊದಲ ಸುತ್ತುಗಳಲ್ಲಿ ಸಲೀಸಾಗಿ ಇಳಿದು ಆಮೇಲೆ ಕಚ್ಚಿಕೊಳ್ಳುತ್ತದೆ. ಗಟ್ಟಿಯಾಯಿತೆಂದು ಮೆಕ್ಯಾನಿಕ್ ಖುಷಿಪಡುತ್ತಾನೆ; ಹಾಳಾಗುವುದು ಮತ್ತೆ ಸಿಗದ ಎಂಜಿನ್ ಬ್ಲಾಕಿನ ಮರೆ. ಎಂಜಿನ್ನಿನ ಅಳತೆಯನ್ನು ತಂತಿಯ ಮೂಲಕ ಮೀಟರಿಗೆ ಕಳಿಸುವ ಸೆಂಡರ್‌ಗಳಲ್ಲಿ ಈಚಿನ ಹಲವು ಯುರೋಪಿಯನ್ ಬಗೆಗಳದ್ದು ಮೆಟ್ರಿಕ್ ಮರೆ. ಕೊಳ್ಳುವ ಮೊದಲು ಹಳೆಯ ಸ್ವಿಚ್ಚನ್ನೇ ಅಂಗಡಿಗೆ ಒಯ್ದು ಮರೆ ಅಳೆಯುವ ಗರಗಸದಂಥ ಹಲ್ಲಿನ ಪಟ್ಟಿ ಇಟ್ಟು ನೋಡುವುದಕ್ಕಿಂತ ಬೇರೆ ಉಪಾಯವಿಲ್ಲ.

ಓದುವ ಕ್ರಮ ಹೀಗೆ: 1489 ಸಿಸಿಯ ಅಂಬಾಸಿಡರ್ ಎಂಜಿನ್ ಆರೋಗ್ಯವಾಗಿದ್ದರೆ ಬಿಸಿಯೇರಿ ಓಡುವಾಗ ಐವತ್ತರ ಸುತ್ತ, ಐಡ್ಲಿಂಗ್‌ನಲ್ಲಿ ಹದಿನೈದರ ಸುತ್ತ ಪೌಂಡು ತೋರುವುದು ಸಹಜ. ಕಿಲೋಗ್ರಾಮಿನ ಮೀಟರಾದರೆ 14.2 ಪೌಂಡಿಗೆ ಒಂದರಂತೆ ಓದಿಕೊಳ್ಳಬೇಕು. ಬಿಸಿಲಿನಲ್ಲಿ ಆಯಿಲ್ ತೆಳುವಾಗಿ ಮುಳ್ಳು ಸ್ವಲ್ಪ ಇಳಿದರೆ ಹೆದರಬೇಕಿಲ್ಲ. ಚಳಿಯ ಬೆಳಿಗ್ಗೆಯೂ ಏರದಿದ್ದರೆ ಹೆದರಬೇಕು.

ಹೀಟ್ ಮೀಟರು

ಇದರಲ್ಲಿ ಎರಡು ಜಾತಿ. ಹಳೆಯದು ಆವಿಯದು: ಒಂದು ತುದಿಯಲ್ಲಿ ಹಿತ್ತಾಳೆಯ ಬುರುಡೆ, ಅದರಿಂದ ಮೀಟರಿನವರೆಗೆ ಕೂದಲಿನಷ್ಟು ರಂಧ್ರದ ತಾಮ್ರದ ನಾಳ, ಒಳಗೆ ಈಥರ್. ನೀರು ಬಿಸಿಯಾದಂತೆ ಈಥರ್ ಆವಿಯಾಗಿ ಒತ್ತಡ ಏರುತ್ತದೆ. ಮೀಟರಿನೊಳಗೆ ಮತ್ತೆ ಅದೇ ಬೂರ್ದೋನ್ ಕೊಳವೆ. ಈ ನಾಳವನ್ನು ಎಂದೂ ಕತ್ತರಿಸಬಾರದು. ಉದ್ದ ಹೆಚ್ಚಾಯಿತೆಂದು ತುಂಡರಿಸಿದರೆ ಈಥರ್ ಹಾರಿಹೋಗಿ ಮೀಟರು ಸತ್ತಿತು. ಹೆಚ್ಚಿನ ಉದ್ದವನ್ನು ಅಂಗೈಯಗಲ ಸುರುಳಿ ಸುತ್ತಿ ಕಟ್ಟಬೇಕು. ಸತ್ತ ನಾಳಕ್ಕೆ ಹೊಸ ಮೀಟರಿನ ಜೀವಂತ ನಾಳವನ್ನು ಬೆಸೆದು, ಬೆಸುಗೆ ಹಾಕುವಾಗ ಈಥರ್ ಹಾರದಂತೆ ಬುರುಡೆಯನ್ನು ಮಂಜುಗಡ್ಡೆ ಮತ್ತು ಉಪ್ಪಿನಲ್ಲಿ ಮುಳುಗಿಸಿಡುವ ವಿದ್ಯೆಯೊಂದಿದೆ. ಈಥರ್ ಕಿಡಿ ತಾಕಿದರೆ ಹೊತ್ತಿಕೊಳ್ಳುವ ವಸ್ತು; ಬಲ್ಲವರ ಕೈಗೇ ಬಿಡುವುದು ಲೇಸು.

ಎರಡನೆಯದು ವಿದ್ಯುತ್ತಿನದು. ನೀರಿನಲ್ಲಿ ಮುಳುಗಿದ ಸೆಂಡರ್ ಬಿಸಿಯಾದಂತೆ ಅದರ ವಿದ್ಯುತ್ ತಡೆ ಕಡಿಮೆಯಾಗುತ್ತದೆ. ಹೆಚ್ಚು ಹರಿದ ಕರೆಂಟು ಮುಳ್ಳನ್ನು ಏರಿಸುತ್ತದೆ. ಸೆಂಡರ್, ಮೀಟರು ಎರಡೂ ಒಂದೇ ತಯಾರಕರದ್ದಾಗಿರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ. ಒಂದು ಕಂಪನಿಯ ಮೀಟರಿಗೆ ಇನ್ನೊಂದರ ಸೆಂಡರ್ ಕೂಡಿಸಿದರೆ ಮುಳ್ಳು ಚಲಿಸುವುದೇನೋ ಹೌದು. ಆದರೆ ಸುಳ್ಳು ಹೇಳುತ್ತದೆ, ಮತ್ತು ಸುಳ್ಳು ಹೇಳುವ ಮೀಟರಿಗಿಂತ ಮೀಟರಿಲ್ಲದ್ದೇ ವಾಸಿ. 1960ರ ದಶಕದ ಸ್ಮಿತ್ಸ್ ಮೀಟರುಗಳಿಗೆ 12 ವೋಲ್ಟು ನೇರ ಹೋಗುವುದಿಲ್ಲ. ಹಿಂದೆ ಅಡಗಿದ ಒಂದು ಚಿಕ್ಕ ಸ್ಟೆಬಿಲೈಸರ್ ಅದನ್ನು ಸರಾಸರಿ 10ಕ್ಕೆ ಇಳಿಸುತ್ತದೆ. ಆ ತಂತಿಯಿಂದ ಹೊಸ ಮೀಟರಿಗೆ ಕರೆಂಟು ಎಳೆದುಕೊಂಡರೆ ಹೊಸದೂ ತಪ್ಪು, ಹಳೆಯದೂ ತಪ್ಪು.

ಸೆಂಡರನ್ನು ಎಲ್ಲಿ ಇಡುವುದು? ಸಿಲಿಂಡರ್ ಹೆಡ್ಡಿನಲ್ಲಿ ಮೊದಲೇ ತೂತಿದ್ದರೆ ಅದೇ ಸರಿ. ಇಲ್ಲದಿದ್ದರೆ ಹೆಡ್ಡಿಗೆ ಡ್ರಿಲ್ ಹಿಡಿಯಬಾರದು. ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ ನಡುವೆ ಒಂದು ಅಲ್ಯೂಮಿನಿಯಂ ತುಂಡು ಸೇರಿಸಿ, ಅದರ ಬೆನ್ನಿನ ಮರೆಗೆ ಸೆಂಡರ್ ತಿರುಗಿಸುವುದು ಇಂದಿನ ರೂಢಿ. ಬೇಡವಾದ ದಿನ ಹೊಸ ಹೋಸು ಹಾಕಿದರೆ ಆಯಿತು. ಎರಡು ಎಚ್ಚರ ಬೇಕು. ಆ ತುಂಡು ರಬ್ಬರಿನ ನಡುವೆ ಇರುವುದರಿಂದ ಅದಕ್ಕೆ ಅರ್ತ್ ಸಿಗುವುದಿಲ್ಲ. ಬೇರೆ ತಂತಿ ಕೊಡಲೇಬೇಕು. ಎರಡನೆಯದು, ನೀರು ಸೋರಿ ಹೋಸು ಖಾಲಿಯಾದರೆ ಸೆಂಡರ್ ನಿಲ್ಲುವುದು ಗಾಳಿಯಲ್ಲಿ. ಎಂಜಿನ್ ಬೇಯುತ್ತಿರುವಾಗ ಮೀಟರು ತಣ್ಣಗೆ ತೋರಿಸುವ ವಿಪರೀತ ಸಂದರ್ಭ ಅದು. ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೂ ಗಾಡಿ ನಿಲ್ಲಿಸಬೇಕು.

ಕರೆಂಟಿನ ಲೆಕ್ಕ

ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಕಟ್ಟುತ್ತಿದ್ದರು, ಅದೇ ಪಾಸಿಟಿವ್ ಅರ್ತ್. 1960ರ ದಶಕದ ಕೊನೆಯ ಹೊತ್ತಿಗೆ ಈ ಪದ್ಧತಿ ನಿಂತಿತು. ಫಿಯಟ್ 1100 ಮೊದಲಿನಿಂದಲೂ ನೆಗೆಟಿವ್ ಅರ್ತ್. ಫೋರ್ಡ್ ಮಾಡೆಲ್ ಎ ಆರು ವೋಲ್ಟು, ಪಾಸಿಟಿವ್ ಅರ್ತ್. ಯುದ್ಧಕಾಲದ ವಿಲಿಸ್ ಜೀಪು ಆರು ವೋಲ್ಟು, ನೆಗೆಟಿವ್ ಅರ್ತ್. ಒಂದೇ ಗ್ಯಾರೇಜಿನಲ್ಲಿ ಈ ಎಲ್ಲ ಬಗೆಯೂ ನಿಂತಿರುವುದುಂಟು.

ಬರಿಯ ಸುರುಳಿ, ಲೋಹದ ಪಟ್ಟಿಗಳಿಂದಾದ ಹಳೆಯ ಮೀಟರಿಗೆ ಈ ವ್ಯತ್ಯಾಸ ಬಹುಪಾಲು ಬಾಧಿಸುವುದಿಲ್ಲ. ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ಸರ್ಕ್ಯೂಟು ಇರುವ ಇಂದಿನ ಮೀಟರು ಹಾಗಲ್ಲ. ಪಾಸಿಟಿವ್ ಅರ್ತಿನ ಕಾರಿಗೆ ಅದನ್ನು ಕೂಡಿಸಿದರೆ ಸುಟ್ಟುಹೋಗುತ್ತದೆ. ಮೀಟರಿನ ಲೋಹದ ಹೊದಿಕೆ ನೆಗೆಟಿವ್‌ಗೆ ಒಳಗೇ ಸೇರಿಕೊಂಡಿದ್ದು ಡ್ಯಾಶ್‌ಬೋರ್ಡಿನ ತಗಡಿಗೆ ತಾಕಿದರಂತೂ ಕಿಡಿ ಹಾರುತ್ತದೆ. ಆರ್‌ಪಿಎಂ ಮೀಟರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅದಕ್ಕೆಂದೇ ಇಡೀ ಕಾರಿನ ಅರ್ತ್ ತಿರುಗಿಸುವ ಗೋಜಿಗೆ ಹೋಗುವವರಿದ್ದಾರೆ. ಹಳೆಯ ಕಾರಿಗೆ ಆರ್‌ಪಿಎಂ ಮೀಟರು ಅಷ್ಟೊಂದು ಬೇಕೇ ಎಂದು ಒಮ್ಮೆ ಕೇಳಿಕೊಳ್ಳುವುದು ಅಗ್ಗ.

ಆಂಪಿಯರ್ ಮೀಟರಿನ ಅಪಾಯ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಸ್ಟಾರ್ಟರಿನದನ್ನು ಬಿಟ್ಟು ಕಾರಿನ ಹೆಚ್ಚುಕಡಿಮೆ ಎಲ್ಲ ಕರೆಂಟೂ ಅದರ ಮೂಲಕವೇ ಹಾದುಹೋಗುತ್ತದೆ. ಲೂಕಸ್ ಕಂಪನಿಯ ಸಿ40 ಡೈನಮೋ ಕೊಡುತ್ತಿದ್ದದ್ದು 22 ಆಂಪಿಯರ್. ಅದಕ್ಕೆ 30ರ ಮೀಟರು ಸಾಕಾಗಿತ್ತು. ಡೈನಮೋ ಕಿತ್ತು ಈಚಿನ ಕಾರಿನ ಆಲ್ಟರ್ನೇಟರ್ ಕೂಡಿಸುವುದು ಈಗ ಸಾಮಾನ್ಯ. 60 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳೇ 10 ಆಂಪಿಯರ್ ಎಳೆಯುತ್ತವೆ. ಹಳೆಯ ಮೀಟರು, ಹಳೆಯ ವೈರು ಹಾಗೆಯೇ ಇದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುವ ಅಪಾಯವಿದೆ. ಆಲ್ಟರ್ನೇಟರ್ ಹಾಕಿದವರು ವೋಲ್ಟ್ ಮೀಟರಿಗೆ ಬದಲಾಗುವುದೇ ಸರಿ. ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ತಂತಿಯಿಂದ, ಎರಡು ಮೂರು ಆಂಪಿಯರಿನ ಫ್ಯೂಸು ನಡುವೆ ಇಟ್ಟು ಅದನ್ನು ಕೂಡಿಸಬಹುದು. 12 ವೋಲ್ಟಿನ ವ್ಯವಸ್ಥೆಯಲ್ಲಿ ಎಂಜಿನ್ ನಿಂತಾಗ 12.6, ಓಡುವಾಗ 13.8ರಿಂದ 14.4 ತೋರಿದರೆ ಎಲ್ಲ ಕ್ಷೇಮ.

ಪೆಟ್ರೋಲ್ ಮೀಟರು ಕೆಟ್ಟಾಗ ಮೀಟರನ್ನು ಬೈಯುವುದು ವಾಡಿಕೆ. ತಪ್ಪು ಹೆಚ್ಚಾಗಿ ಟ್ಯಾಂಕಿನೊಳಗೆ ಫ್ಲೋಟಿನಿಂದ ಪೆಟ್ರೋಲಿನ ಮಟ್ಟ ಅಳೆಯುವ ಯೂನಿಟ್ಟಿನದು. ಅಮೆರಿಕನ್ ಯೂನಿಟ್ಟು ಟ್ಯಾಂಕು ಖಾಲಿಯಿದ್ದಾಗ 240 ಓಮ್, ತುಂಬಿದಾಗ 33. ಯುರೋಪಿನ ಒಂದು ಬಗೆ ಖಾಲಿಗೆ 10, ತುಂಬಿದ್ದಕ್ಕೆ 180. ಇವನ್ನು ಅದಲುಬದಲು ಮಾಡಿದರೆ ಪೆಟ್ರೋಲು ಹಾಕಿದಷ್ಟೂ ಮುಳ್ಳು ಇಳಿಯುತ್ತದೆ. ಹೊಸ ಕಾಟವೊಂದು ಈಗ ಸೇರಿದೆ. ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಗಿ ಎಲ್ಲೆಡೆ ಹಬ್ಬಿದೆ. ಕಾರ್ಕಿನ ಫ್ಲೋಟಿಗೆ ಬಳಿದ ಅರಗಿನ ವಾರ್ನಿಷನ್ನು ಎಥನಾಲ್ ಕರಗಿಸುತ್ತದೆ. ಪೆಟ್ರೋಲು ಕುಡಿದ ಕಾರ್ಕು ಮುಳುಗುತ್ತದೆ. ಹಿತ್ತಾಳೆಯ ಫ್ಲೋಟಿಗೆ ಬದಲಾಯಿಸಿಕೊಳ್ಳಬೇಕು.

ಎಲ್ಲಿ ಕೂಡಿಸುವುದು

ಹಳೆಯ ಕಾರು ಬಲ್ಲವರಲ್ಲಿ ಜಗಳ ಏಳುವುದು ಈ ಪ್ರಶ್ನೆಗೆ. ಡ್ಯಾಶ್‌ಬೋರ್ಡಿನ ಮರದಲ್ಲೋ ತಗಡಿನಲ್ಲೋ 52 ಮಿಲಿಮೀಟರಿನ ತೂತು ಕೊರೆದರೆ ಮೀಟರು ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಆ ತೂತು ಶಾಶ್ವತ. ಡ್ಯಾಶ್‌ಬೋರ್ಡಿನ ಕೆಳಗಂಚಿಗೆ, ಮೊದಲೇ ಇರುವ ಸ್ಕ್ರೂಗಳಿಗೇ ಒಂದು ತಗಡಿನ ಬ್ರಾಕೆಟ್ ಕಚ್ಚಿಸಿ ಮೀಟರು ತೂಗುಹಾಕಿದರೆ ನೋಡಲು ಸ್ವಲ್ಪ ಕಡಿಮೆ, ಆದರೆ ಅರ್ಧ ಗಂಟೆಯಲ್ಲಿ ಕಾರು ಮೊದಲಿನಂತಾಗುತ್ತದೆ. ಈ ಲೇಖಕನ ಮತ ಬ್ರಾಕೆಟ್ಟಿನ ಕಡೆಗೆ. ಎಂಜಿನ್ನನ್ನು ಉಳಿಸಲು ಮೀಟರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಂಜಿನ್ ಉಳಿಸುವ ನೆಪದಲ್ಲಿ ಡ್ಯಾಶ್‌ಬೋರ್ಡು ಕಳೆಯಬೇಕಾಗಿಲ್ಲ. ಬ್ರಾಕೆಟ್ ಹಾಕುವಾಗ ಅದು ಚಾಲಕನ ಮಂಡಿಗೆ, ಗೇರ್ ಲಿವರಿಗೆ ತಾಕದಂತೆ ನೋಡಬೇಕು.

1966ರಲ್ಲಿ ಸ್ಥಾಪನೆಯಾದ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹಳೆಯ ವಾಹನವನ್ನು ಇಂದಿನ ರಸ್ತೆಯಲ್ಲಿ ಓಡಿಸಲು ಬೇಕಾದ ಬದಲಾವಣೆ ಕಣ್ಣಿಗೆ ಹೊಡೆಯದಂತಿರಲಿ, ಮರಳಿ ತೆಗೆಯುವಂತಿರಲಿ, ಬಿಚ್ಚಿದ ಅಸಲಿ ಭಾಗ ವಾಹನದ ಜೊತೆಗೇ ಉಳಿಯಲಿ ಎಂಬುದು ಅದರ ಇಂಗಿತ.

ಕಶ್ಮೀರಿ ಗೇಟ್, ಕರೋಲ್ ಬಾಗ್, ಮಾಯಾಪುರಿ

ಬೆಂಗಳೂರಿಗೆ ಜೆ.ಸಿ. ರಸ್ತೆ ಇದ್ದಂತೆ ದೆಹಲಿಗೆ ಕಶ್ಮೀರಿ ಗೇಟ್. ಹಳೆಯ ನಗರದ ಗೋಡೆಗೆ ಅಂಟಿಕೊಂಡ ಈ ಪೇಟೆ ಮೋಟಾರು ಬಿಡಿಭಾಗಗಳ ದೇಶದ ದೊಡ್ಡ ಸಗಟು ಪೇಟೆಗಳಲ್ಲಿ ಒಂದು. ಕರೋಲ್ ಬಾಗಿನಲ್ಲಿ ಅಲಂಕಾರದ ಸಾಮಾನು, ಹೊಸ ಮೀಟರು, ದೀಪಗಳ ವ್ಯಾಪಾರ ಹೆಚ್ಚು. ಪಶ್ಚಿಮ ದೆಹಲಿಯ ಮಾಯಾಪುರಿ ಗುಜರಿಯ ಊರು. ಒಡೆದ ವಾಹನಗಳಿಂದ ಕಿತ್ತ ಹಳೆಯ ಮೀಟರು ಹುಡುಕುವವರು ಅಲ್ಲಿಗೆ ಹೋಗುತ್ತಾರೆ. ದೇಶೀ ತಯಾರಕರಲ್ಲಿ 1970ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಪ್ರಿಕಾಲ್ ದೊಡ್ಡ ಹೆಸರು. 1991ರ ಉದಾರೀಕರಣದ ಮುಂಚೆ ಬಿಡಿಭಾಗಗಳ ಆಮದು ಲೈಸೆನ್ಸಿನ ಹಿಡಿತದಲ್ಲಿತ್ತು. ಕೆಟ್ಟ ಸ್ಮಿತ್ಸ್ ಮೀಟರಿಗೆ ಬದಲು ಸಿಗದೆ ಅದನ್ನೇ ಬಿಚ್ಚಿ ರಿಪೇರಿ ಮಾಡುವ, ಇಲ್ಲವೇ ಲಾರಿಯ, ಟ್ರಾಕ್ಟರಿನ ಮೀಟರನ್ನು ಒಗ್ಗಿಸುವ ಕೈಚಳಕ ಆಗ ಬೆಳೆಯಿತು. ಹಾಗಾಗಿ ದೆಹಲಿಯ ಹಳೆಯ ಕಾರೊಂದರಲ್ಲಿ ಟ್ರಾಕ್ಟರ್ ಮೀಟರು ಕಂಡರೆ ನಗಬೇಡಿ, ಅದೂ ಆ ಕಾರಿನ ಚರಿತ್ರೆಯೇ. 1956ರ ತೂಕ–ಅಳತೆ ಕಾಯಿದೆಯ ನಂತರ ಮೈಲಿ ಹೋಗಿ ಕಿಲೋಮೀಟರ್ ಬಂದುದರ ಗುರುತು ಕೂಡ ಹೀಗೆಯೇ ಕೆಲವು ಡ್ಯಾಶ್‌ಬೋರ್ಡುಗಳಲ್ಲಿ ಉಳಿದಿದೆ.

ಗುಜರಿಯ ಮೀಟರು ಕೊಳ್ಳುವವರಿಗೆ ಒಂದು ಗಂಭೀರ ಎಚ್ಚರಿಕೆ. ಎರಡನೆಯ ಮಹಾಯುದ್ಧದ ವಿಮಾನ ಹಾಗೂ ಸೇನೆಯ ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಬಣ್ಣ ಹೊಳೆಯುವುದನ್ನು ನಿಲ್ಲಿಸಿ ದಶಕಗಳಾಗಿರಬಹುದು. ರೇಡಿಯಂ 226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಗಾಜು ಮುಚ್ಚಿದ್ದರೆ ಅಪಾಯ ಕಡಿಮೆ. ಗಾಜು ತೆಗೆದು ಮುಖವನ್ನು ಕೆರೆಯುವುದು, ಉಜ್ಜುವುದು, ಪುಡಿ ಊದುವುದು ಕೂಡದು. ಮಾಯಾಪುರಿಗೆ ಈ ಮಾತು ಹೊಸದಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಉಪಕರಣವೊಂದನ್ನು ಅಲ್ಲಿ ಒಡೆದಾಗ ಒಳಗಿದ್ದ ಕೋಬಾಲ್ಟ್ 60ರ ವಿಕಿರಣದಿಂದ ಒಬ್ಬ ಕೆಲಸಗಾರ ಸತ್ತು ಹಲವರು ಆಸ್ಪತ್ರೆ ಸೇರಿದ್ದರು. ಮೀಟರಿನ ಮುಖದಲ್ಲಿರುವುದು ಅದಕ್ಕೆ ಹೋಲಿಸಲಾಗದಷ್ಟು ಅಲ್ಪ. ಆದರೂ ಆ ಪುಡಿ ಮನುಷ್ಯನ ಒಳಗೆ ಹೋಗಬಾರದು.

ಕಾನೂನು ಮತ್ತು ರ‍್ಯಾಲಿ

ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014–15ರಲ್ಲಿ ನಿಷೇಧಿಸಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂಥ ವಾಹನಗಳಿಗೆ ಬಂಕುಗಳಲ್ಲಿ ಇಂಧನ ಕೊಡದಿರುವ ಕ್ರಮ ಆರಂಭವಾಗಿ, ವಿರೋಧ ಎದ್ದು ಕೆಲವೇ ದಿನಗಳಲ್ಲಿ ನಿಂತಿತು. ಹಳೆಯ ಕಾರಿನವರಿಗೆ ಇರುವ ದಾರಿ 2021ರ ಜುಲೈ 15ರ ಅಧಿಸೂಚನೆಯ ಮೂಲಕ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ನೋಂದಣಿ. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳನ್ನು ಬದಲಿಸದೆ ಮೂಲರೂಪದಲ್ಲಿ ಇಟ್ಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಪ್ರಮಾಣಪತ್ರ 10 ವರ್ಷಕ್ಕೆ ಊರ್ಜಿತ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಇಂಧನ ಹಾಗೂ ರಿಪೇರಿಗೆ ಮಾತ್ರ ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಲ್ಲ. ಹದಿನೈದು ದಾಟಿ ಐವತ್ತು ಮುಟ್ಟದ ಕಾರುಗಳು ಈ ಎರಡರ ನಡುವೆ ಸಿಕ್ಕಿಬಿದ್ದಿವೆ. ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ ಎಂಬುದನ್ನು ನೆನೆದರೆ ಇಂಥವು ಕಡಿಮೆಯೇನಲ್ಲ.

ನಿಯಮ ಹೆಸರಿಸುವುದು ಚಾಸಿ, ಬಾಡಿ, ಎಂಜಿನ್ನುಗಳನ್ನು. ಬ್ರಾಕೆಟ್ಟಿನಲ್ಲಿ ತೂಗಿದ ಮೀಟರು ಆ ಮಾತಿನೊಳಗೆ ಬರುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ಬದಲಾಗುವಂಥ ಮಾರ್ಪಾಟನ್ನು ತಡೆಯುತ್ತದೆ. ಆಯಿಲ್ ಮೀಟರು ಆ ಪತ್ರದಲ್ಲಿ ಎಲ್ಲೂ ಇಲ್ಲ.

ಕಾನೂನಿಗಿಂತ ಕಟ್ಟುನಿಟ್ಟು ರ‍್ಯಾಲಿಯ ತೀರ್ಪುಗಾರರದು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ರ‍್ಯಾಲಿ 1964ರಲ್ಲಿ, ‘21 ಗನ್ ಸೆಲ್ಯೂಟ್’ ಪ್ರದರ್ಶನ 2011ರಲ್ಲಿ ಆರಂಭವಾದವು. ಇಂಥ ಕಡೆ ಅಸಲಿತನಕ್ಕೆ ಅಂಕ ಇರುತ್ತದೆ; ಪ್ಲಾಸ್ಟಿಕ್ ಮುಖದ ಇಂದಿನ ಮೀಟರು ಕಂಡರೆ ಅಂಕ ಹೋಗುತ್ತದೆ, ಕಾರಿನ ಕಾಲಕ್ಕೇ ಸೇರಿದ ಹೊರಗಿನ ಮೀಟರಿಗೆ ಸಾಮಾನ್ಯವಾಗಿ ರಿಯಾಯಿತಿ ಇದೆ. ಡ್ಯಾಶ್‌ಬೋರ್ಡು ಮೂಲದಲ್ಲಿ ಹೇಗಿತ್ತೆಂದು ನೋಡಬಯಸುವವರಿಗೆ 2013ರಲ್ಲಿ ಗುರುಗ್ರಾಮದಾಚೆಯ ತಾವಡೂ ಬಳಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇದೆ. ಕರ್ನಾಟಕದವರು ಧರ್ಮಸ್ಥಳದ ಕಾರು ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನೋ ನೋಡಬಹುದು.

ಮೀಟರು ಕೂಡಿಸುವ ಮೊದಲು ಡ್ಯಾಶ್‌ಬೋರ್ಡಿನ ಮುಂದೆ, ಹಿಂದೆ ಎರಡೂ ಕಡೆಯ ಫೋಟೋ ತೆಗೆದಿಡಿ, ಕಿತ್ತ ಪ್ರತಿ ತಂತಿಗೂ ಚೀಟಿ ಕಟ್ಟಿ. ಬಿಚ್ಚಿದ ಹಳೆಯ ಮೀಟರು, ಸ್ವಿಚ್ಚು, ಸ್ಕ್ರೂಗಳನ್ನು ಗುಜರಿಗೆ ಕೊಡಬೇಡಿ. ಡಬ್ಬಿಯಲ್ಲಿ ಹಾಕಿ ಕಾರಿನ ಕಾಗದಪತ್ರಗಳ ಜೊತೆ ಇಟ್ಟು, ಕಾರು ಮಾರುವ ದಿನ ಕೊಳ್ಳುವವರ ಕೈಗೆ ಕೊಡಿ.